ಕೊಡಗಿನ ಹೊಳೆಬದಿಯ ಕೀಟಕ್ಕೆ ಹೆಸರಿಟ್ಟ ಕರ್ನಲ್ ಫ್ರೇಸರ್

ಕುಶಾಲನಗರವನ್ನು ಹಿರಿಯರು ಇಂದಿಗೂ ಫ್ರೇಸರ್‌ಪೇಟೆ ಎನ್ನುವುದುಂಟು. ಆ ಹೆಸರು 1834ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾದಾಗಿನ ಸೇನಾಧಿಕಾರಿಯದು. ಅಲ್ಲಿನ ಹೊಳೆಗಳಲ್ಲಿ ಏರೋಪ್ಲೇನ್ ಚಿಟ್ಟೆಗಳ ಹಿಂದೆ ಅಲೆದ ಫ್ರೇಸರ್ ಬೇರೆಯೇ ವ್ಯಕ್ತಿ.

ಲೆಫ್ಟಿನೆಂಟ್ ಕರ್ನಲ್ ಫ್ರೆಡೆರಿಕ್ ಚಾರ್ಲ್ಸ್ ಫ್ರೇಸರ್ 1880ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯರಾಗಿ ಭಾರತಕ್ಕೆ ಬಂದ ಅವರಿಗೆ ಸೇನೆಯ ಚಾಕರಿಯ ಜತೆಗೆ ಕೀಟಗಳ ಗೀಳು. ಈ ವಿಷಯದಲ್ಲಿ ನಮ್ಮ ಮುಂಬಯಿಗೂ ಪಾಲಿದೆ. ಇಲ್ಲಿನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲೇ 1918ರಿಂದ ಅವರ ಲೇಖನಮಾಲೆ ಪ್ರಕಟವಾಯಿತು.

ಕಡ್ಡಿಯಂತೆ ತೆಳ್ಳಗಿದ್ದು, ಕುಳಿತಾಗ ಸಾಮಾನ್ಯವಾಗಿ ರೆಕ್ಕೆ ಮಡಚಿಕೊಳ್ಳುವ ಏರೋಪ್ಲೇನ್ ಚಿಟ್ಟೆಯ ಸೋದರ ಕೀಟಕ್ಕೆ ಡ್ಯಾಮ್ಸೆಲ್‌ಫ್ಲೈ ಎಂದು ಹೆಸರು. ಇದರಲ್ಲಿ ಒಂದು ಜಾತಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದು ಕಷ್ಟ. ಬಣ್ಣ ನಂಬುವಂತಿಲ್ಲ, ವಯಸ್ಸಿನೊಂದಿಗೆ ಬದಲಾಗುತ್ತದೆ. ಗಂಡಿನ ಬಾಲದ ತುದಿಯ ಕೊಂಡಿಗಳ ಆಕಾರ, ರೆಕ್ಕೆಯ ನರಗಳ ಜೋಡಣೆ ಇವನ್ನು ಭೂತಗನ್ನಡಿಯಲ್ಲಿ ನೋಡಿ, ಚಿತ್ರ ಬರೆದು, ಫ್ರೇಸರ್ ಒಂದೊಂದನ್ನೇ ಬೇರ್ಪಡಿಸಿದರು. ಶಸ್ತ್ರಚಿಕಿತ್ಸಕರ ಕೈ ಅಲ್ಲವೇ!

ಹಾಗೆ 1924ರಲ್ಲಿ ಅವರು ಲೋಕಕ್ಕೆ ಪರಿಚಯಿಸಿದ್ದು ಡಿಸ್ಪರೋನ್ಯೂರಾ ಏಪಿಕಾಲಿಸ್. ರೆಕ್ಕೆಯ ತುದಿ ಕಪ್ಪಾಗಿರುವ ಈ ಕೀಟ ಕೊಡಗಿನ ಹೊಳೆಬದಿಯದು. ಪಶ್ಚಿಮ ಘಟ್ಟದ ಹೊರಗೆ ಎಲ್ಲೂ ಇಲ್ಲ. ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಗ್ರಂಥಮಾಲೆಗೆ ಅವರು ಬರೆದ ಮೂರು ಸಂಪುಟಗಳು 1933, 1934 ಮತ್ತು 1936ರಲ್ಲಿ ಹೊರಬಂದವು. ಇಂದಿನ ಸಂಶೋಧಕರೂ ಮೊದಲು ತೆರೆಯುವುದು ಅವನ್ನೇ.

ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಮೇಲೂ ಅವರು ಸುಮ್ಮನಿರಲಿಲ್ಲ, ಅಲ್ಲಿನ ಏರೋಪ್ಲೇನ್ ಚಿಟ್ಟೆಗಳ ಕೈಪಿಡಿ ಬರೆದರು. 1963ರಲ್ಲಿ ನಿಧನರಾದರು. ಅವರು ಸೂಜಿ ಚುಚ್ಚಿಟ್ಟ ಕೀಟಗಳು ಲಂಡನ್ ವಸ್ತುಸಂಗ್ರಹಾಲಯದಲ್ಲಿವೆ. ಕೊಡಗಿನ ಕೀಟವನ್ನು ತಾಳೆ ನೋಡಲು ಲಂಡನ್ನಿಗೇ ಹೋಗಬೇಕಾದದ್ದು ಅಂದಿನ ಆಳ್ವಿಕೆ ಬಿಟ್ಟುಹೋದ ಫಜೀತಿ.

ಹೆಸರೇನೋ ಸಿಕ್ಕಿತು, ನೆಲೆ ಉಳಿದೀತೇ ಎಂಬುದು ಈಗಿನ ಚಿಂತೆ. ಈ ಕೀಟದ ಮರಿ ಬೆಳೆಯುವುದು ನೀರಿನಡಿಯಲ್ಲಿ. ಬಾಲದ ತುದಿಯ ಮೂರು ಎಲೆಯಂಥ ಕಿವಿರುಗಳಿಂದ ಉಸಿರಾಡುವ ಅದಕ್ಕೆ ನೀರು ಕೆಟ್ಟರೆ ಬದುಕಿಲ್ಲ. ದಡದ ಪೊದೆ ಸವರಿದರೆ ದೊಡ್ಡ ಕೀಟಕ್ಕೆ ಕೂರಲು ಜಾಗವಿಲ್ಲ. ಹಾಗಾಗಿ ಇದನ್ನು ಉಳಿಸಲು ಹೊರಟವರು ಬಲೆ ಬಿಟ್ಟು, ಕ್ಯಾಮರಾ ಹಿಡಿದು, ಹೊಳೆಯ ಯಾವ ತಿರುವಿನಲ್ಲಿ ಅದು ಇನ್ನೂ ಹಾರುತ್ತಿದೆ ಎಂದು ಗುರುತು ಹಾಕಿಕೊಳ್ಳಬೇಕಾಗಿದೆ.