ಅಂಗಿಯ ಜೇಬಿಗೆ ಬಂದ ಗಣಿತಯಂತ್ರ: ವಿಲಿಯಂ ಹ್ಯೂಲೆಟ್

ಆಲ್ದೂರಿನಿಂದ ಬಸ್ಸು ಹಿಡಿದು ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ ಹೋಗುವವರ ಬ್ಯಾಗಿನಲ್ಲಿ ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಇರುವುದನ್ನು ನೀವು ನೋಡಿರಬಹುದು. ಸೈನ್, ಕಾಸ್, ಲಾಗ್ ಎಲ್ಲವನ್ನೂ ಕ್ಷಣದಲ್ಲಿ ಹೇಳುವ ಈ ಯಂತ್ರ ಅಂಗೈಗೆ ಬಂದದ್ದು ಯಾರ ಹಟದಿಂದ, ಗೊತ್ತೇ?

ವಿಲಿಯಂ ಹ್ಯೂಲೆಟ್ ಹುಟ್ಟಿದ್ದು 1913ರ ಮೇ 20ರಂದು, ಅಮೆರಿಕದ ಆನ್ ಆರ್ಬರ್ ಊರಿನಲ್ಲಿ. ತಂದೆ ವೈದ್ಯಕೀಯ ಪ್ರಾಧ್ಯಾಪಕರು. ಮಗನಿಗೆ ಮಾತ್ರ ಓದುವುದೇ ಕಷ್ಟ. ಅವನಿಗಿದ್ದದ್ದು ಡಿಸ್ಲೆಕ್ಸಿಯಾ ಎಂಬ ತೊಡಕು. ಆಗ ಅದನ್ನು ಯಾರೂ ಗುರುತಿಸಲಿಲ್ಲ. ಇಂಥ ಮಕ್ಕಳನ್ನು ದಡ್ಡರೆಂದು ಹಿಂದಿನ ಬೆಂಚಿಗೆ ಕಳುಹಿಸುವುದು ನಮ್ಮಲ್ಲೂ ಉಂಟಲ್ಲವೇ? ಹುಡುಗ ಪಾಠವನ್ನು ಗಮನವಿಟ್ಟು ಕೇಳಿ ನೆನಪಿನಲ್ಲೇ ಉಳಿಸಿಕೊಳ್ಳುವುದನ್ನು ಕಲಿತ. 12ನೇ ವಯಸ್ಸಿಗೆ ತಂದೆ ತೀರಿಕೊಂಡರು. ಸ್ಟ್ಯಾನ್‌ಫರ್ಡ್ ಸೇರಲು ಶಿಫಾರಸು ಕೇಳಿ ತಾಯಿ ಹೋದಾಗ ಮುಖ್ಯೋಪಾಧ್ಯಾಯರಿಗೆ ಅವನ ಅಂಕಗಳಲ್ಲಿ ವಿಶೇಷವೇನೂ ಕಾಣಲಿಲ್ಲ. ಇವನ ತಂದೆಯೂ ತಮ್ಮ ಶಿಷ್ಯ, ಅದೂ ಅತ್ಯುತ್ತಮ ಶಿಷ್ಯ ಎಂದು ತಿಳಿದ ಮೇಲೆ ಒಪ್ಪಿದರು.

1939ರಲ್ಲಿ ಗೆಳೆಯ ಡೇವಿಡ್ ಪ್ಯಾಕರ್ಡ್ ಜೊತೆ ಒಂದು ಕಾರ್ ಶೆಡ್ಡಿನಲ್ಲಿ, 538 ಡಾಲರ್ ಬಂಡವಾಳದಿಂದ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿ ಶುರುವಾಯಿತು. ಯಾರ ಹೆಸರು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರಂತೆ.

1968ರಲ್ಲಿ ಕಂಪೆನಿ ಹೊರತಂದ 9100ಎ ಎಂಬ ಕ್ಯಾಲ್ಕುಲೇಟರ್ ಮೇಜಿನ ಮೇಲೆ ಕೂರುವಂಥದ್ದು, ತೂಕ ಸುಮಾರು 18 ಕಿಲೋ. ಹ್ಯೂಲೆಟ್ ಅದನ್ನು ನೋಡಿ, ಇಷ್ಟನ್ನೂ ಮಾಡುವ ಯಂತ್ರ ತಮ್ಮ ಅಂಗಿಯ ಜೇಬಿನಲ್ಲಿ ಹಿಡಿಸಬೇಕೆಂದರು. ಆಗ ಇಂಜಿನಿಯರುಗಳ ಕೈಯಲ್ಲಿದ್ದದ್ದು ಸ್ಲೈಡ್ ರೂಲ್, ಅಂದರೆ ಒಂದರೊಳಗೊಂದು ಜಾರುವ ಅಳತೆಪಟ್ಟಿ. ಅದರಲ್ಲಿ ಉತ್ತರದ ಮೂರು ಅಂಕಿ ಸರಿಯಾಗಿ ಸಿಕ್ಕರೆ ಹೆಚ್ಚು. ಆದರೂ ಅಷ್ಟು ದುಬಾರಿ ಕ್ಯಾಲ್ಕುಲೇಟರನ್ನು ಕೊಳ್ಳುವವರಿಲ್ಲವೆಂದು ಮಾರುಕಟ್ಟೆ ಸಮೀಕ್ಷೆ ಹೇಳಿತು. ತಮಗೇ ಒಂದು ಬೇಕು ಎಂದು ಹ್ಯೂಲೆಟ್ ಮುಂದುವರಿದರು.

1972ರಲ್ಲಿ ಎಚ್‌ಪಿ-35 ಬಂತು. 35 ಗುಂಡಿಗಳಿದ್ದುದರಿಂದ ಆ ಹೆಸರು. ಅವುಗಳಲ್ಲಿ ಸಮಚಿಹ್ನೆಯ ಗುಂಡಿಯೇ ಇರಲಿಲ್ಲ! ಬೆಲೆ 395 ಡಾಲರ್. ಮೊದಲ ವರ್ಷವೇ ಸುಮಾರು ಒಂದು ಲಕ್ಷ ಮಾರಾಟವಾದವು. ಸ್ಲೈಡ್ ರೂಲಿನ ಕಾಲ ಅಲ್ಲಿಗೆ ಮುಗಿಯತೊಡಗಿತು.

ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಸಂಗತಿ. ಸುಮಾರು 25,000 ಯಂತ್ರಗಳು ಮಾರಾಟವಾದ ಮೇಲೆ ಒಂದು ದೋಷ ಸಿಕ್ಕಿತು: 2.02ರ ನ್ಯಾಚುರಲ್ ಲಾಗ್ ತೆಗೆದು ಅದನ್ನು ತಿರುಗಿಸಿ ಲೆಕ್ಕ ಹಾಕಿದರೆ 2.02 ಬರುವ ಬದಲು ಬರೀ 2 ಬರುತ್ತಿತ್ತು. ಮುಚ್ಚಿಡಬಹುದಿತ್ತು. ಕಂಪೆನಿ ಗ್ರಾಹಕರಿಗೆಲ್ಲ ತಿಳಿಸಿ, ಯಂತ್ರವನ್ನು ಸರಿಪಡಿಸಿ ಕೊಡುವುದಾಗಿ ಹೇಳಿತು. ಮರಳಿ ಬಂದದ್ದು ಕಾಲುಭಾಗ ಮಾತ್ರ. ಉಳಿದವರು ದೋಷ ಗೊತ್ತಿದ್ದೂ ಅದನ್ನು ಜೇಬಿನಿಂದ ಬಿಟ್ಟುಕೊಡಲಿಲ್ಲ.

ಹ್ಯೂಲೆಟ್ 2001ರ ಜನವರಿ 12ರಂದು ನಿಧನರಾದರು.