ಸತ್ತ ಮೇಲೆ ವಿಶ್ವ ಚಾಂಪಿಯನ್ ಆದವನು: ಯೋಹೆನ್ ರಿಂಟ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಬರೆದುಕೊಡಬೇಕೆಂದು ಗುರುಗಳು ಕೇಳಿದಾಗ ನನಗೆ ನೆನಪಾದದ್ದು ಸಂತರೂ ಅಲ್ಲ, ನಾಯಕರೂ ಅಲ್ಲ. ಕಾರ್ ರೇಸ್ ಓಡಿಸುತ್ತ ಇಪ್ಪತ್ತೆಂಟನೇ ವಯಸ್ಸಿಗೆ ತೀರಿಹೋದ ಒಬ್ಬ ಹುಡುಗ. ನಮ್ಮ ಕಮಲಾಪುರಕ್ಕೂ ಅವನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಯೋಹೆನ್ ರಿಂಟ್ ಹುಟ್ಟಿದ್ದು 1942ರ ಏಪ್ರಿಲ್ 18ರಂದು, ಜರ್ಮನಿಯ ಮೈಂಟ್ಸ್ ಊರಿನಲ್ಲಿ. ಎರಡನೇ ಮಹಾಯುದ್ಧದ ಕಾಲ. ತಂದೆಗೆ ಮಸಾಲೆ ಪದಾರ್ಥಗಳ ಗಿರಣಿಯಿತ್ತು. ನಮ್ಮ ಕಲಬುರಗಿಯಲ್ಲಿ ತೊಗರಿಬೇಳೆ ಮಿಲ್ಲುಗಳಿದ್ದ ಹಾಗೆ ಅಲ್ಲಿ ಅದು ಅನುಕೂಲಸ್ಥರ ವ್ಯಾಪಾರ. ಮಗುವಿಗೆ ಒಂದು ವರ್ಷ ತುಂಬಿ ಕೆಲವೇ ತಿಂಗಳಾಗಿದ್ದಾಗ, 1943ರಲ್ಲಿ, ಹ್ಯಾಂಬರ್ಗ್ ನಗರದ ಮೇಲೆ ಬಿದ್ದ ಬಾಂಬುಗಳಿಗೆ ತಂದೆ ತಾಯಿ ಇಬ್ಬರೂ ಬಲಿಯಾದರು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿದ್ದ ಅಜ್ಜ ಅಜ್ಜಿ ಮಗುವನ್ನು ಸಾಕಿದರು. ಹೀಗಾಗಿ ಜರ್ಮನ್ ಪೌರತ್ವವಿದ್ದರೂ ಆತ ರೇಸುಗಳಲ್ಲಿ ಪ್ರತಿನಿಧಿಸಿದ್ದು ಆಸ್ಟ್ರಿಯಾವನ್ನು.

1964ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಫಾರ್ಮುಲಾ 2 ರೇಸಿನಲ್ಲಿ, ಹೆಸರೇ ಕೇಳದ ಈ ಯುವಕ ವಿಶ್ವ ಚಾಂಪಿಯನ್ ಆಗಿದ್ದ ಗ್ರಹಾಂ ಹಿಲ್‌ನನ್ನು ಸೋಲಿಸಿದ. ಮರುವರ್ಷ ಫ್ರಾನ್ಸಿನ ಲೆ ಮಾನ್‌ನಲ್ಲಿ 24 ತಾಸಿನ ರೇಸನ್ನು ಮಾಸ್ಟೆನ್ ಗ್ರೆಗರಿ ಜೊತೆ ಫೆರಾರಿ ಕಾರಿನಲ್ಲಿ ಗೆದ್ದ. ಆದರೆ ಫಾರ್ಮುಲಾ 1ರಲ್ಲಿ ಮೊದಲ ಗೆಲುವಿಗೆ 1969ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ವೇಗದಲ್ಲಿ ಎಲ್ಲರಿಗಿಂತ ಮುಂದಿದ್ದರೂ ಕಾರುಗಳು ನಡುವೆಯೇ ಕೈಕೊಡುತ್ತಿದ್ದವು.

ಆ ವರ್ಷ ಆತ ಲೋಟಸ್ ತಂಡ ಸೇರಿದ್ದ. ಲೋಟಸ್ ಮುಖ್ಯಸ್ಥ ಕಾಲಿನ್ ಚಾಪ್‌ಮನ್ ದೊಡ್ಡ ಎಂಜಿನಿಯರ್. ಕಾರಿನ ತೂಕ ಇಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ತೂಕ ಇಳಿದಷ್ಟೂ ಬಲವೂ ಇಳಿಯುತ್ತದೆ ಎಂಬ ಭಯ ರಿಂಟ್‌ಗಿತ್ತು. 1969ರ ಸ್ಪೇನ್ ರೇಸಿನಲ್ಲಿ ಕಾರಿನ ಎತ್ತರದ ರೆಕ್ಕೆ ಮುರಿದು ಗೋಡೆಗೆ ಬಡಿದು ಗಾಯಗೊಂಡ. ಅದಾದ ಮೇಲೆ ಇಂಥ ರೆಕ್ಕೆಗಳು ಅಪಾಯಕಾರಿ ಎಂದು ಬಹಿರಂಗವಾಗಿಯೇ ಪತ್ರ ಬರೆದ. ಕೆಲವೇ ದಿನಗಳಲ್ಲಿ ಎತ್ತರದ ರೆಕ್ಕೆಗಳು ನಿಷೇಧವಾದವು.

1970 ಅವನ ವರ್ಷ. ಮೊನಾಕೊದಲ್ಲಿ ಮುಂದಿದ್ದ ಜ್ಯಾಕ್ ಬ್ರಾಭಮ್ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಜಾರಿ ಅಡ್ಡಗಟ್ಟೆಗೆ ಬಡಿದಾಗ ರಿಂಟ್ ದಾಟಿ ಗೆದ್ದ. ನಂತರ ಹೊಸ ಲೋಟಸ್ 72 ಕಾರಿನಲ್ಲಿ ಹಾಲೆಂಡ್, ಫ್ರಾನ್ಸ್, ಬ್ರಿಟನ್, ಜರ್ಮನಿ ಹೀಗೆ ಸಾಲಾಗಿ ನಾಲ್ಕು ಗೆಲುವು. ಒಟ್ಟು 45 ಅಂಕ. ಆದರೆ ಹಾಲೆಂಡ್ ಗೆಲುವಿನ ದಿನವೇ ಅವನ ಆಪ್ತ ಗೆಳೆಯ ಪಿಯರ್ಸ್ ಕರೇಜ್ ಅದೇ ರೇಸಿನಲ್ಲಿ ಹೊತ್ತಿ ಉರಿದ ಕಾರಿನಲ್ಲಿ ಸತ್ತ. ಬಹುಮಾನದ ವೇದಿಕೆಯ ಮೇಲೆ ರಿಂಟ್ ಮುಖದಲ್ಲಿ ನಗುವಿರಲಿಲ್ಲ.

ಸೆಪ್ಟೆಂಬರ್ 5, ಶನಿವಾರ. ಇಟಲಿಯ ಮೊಂಜಾದಲ್ಲಿ ಮರುದಿನದ ರೇಸಿಗೆ ಅಭ್ಯಾಸ ನಡೆದಿತ್ತು. ಲೋಟಸ್ 72ರಲ್ಲಿ ಮುಂದಿನ ಬ್ರೇಕುಗಳು ಚಕ್ರದಲ್ಲಿರದೆ ಕಾರಿನ ಒಳಗಿದ್ದವು. ಬ್ರೇಕನ್ನು ಚಕ್ರಕ್ಕೆ ಜೋಡಿಸುವುದು ಒಂದು ಶಾಫ್ಟ್. ಪ್ಯಾರಾಬೋಲಿಕಾ ತಿರುವಿಗೆ ಮುನ್ನ ಬ್ರೇಕ್ ಒತ್ತಿದಾಗ ಅದು ಮುರಿಯಿತು. ಕಾರು ಎಡಕ್ಕೆ ಎಳೆದು, ಸರಿಯಾಗಿ ಅಳವಡಿಸದ ಕಬ್ಬಿಣದ ತಡೆಬೇಲಿಗೆ ನುಗ್ಗಿತು. ರಿಂಟ್ ಭುಜದ ಪಟ್ಟಿ, ಸೊಂಟದ ಪಟ್ಟಿ ಕಟ್ಟಿದ್ದ. ತೊಡೆಗಳ ನಡುವಿನ ಪಟ್ಟಿಯನ್ನು ಮಾತ್ರ ಕಟ್ಟುತ್ತಿರಲಿಲ್ಲ. ಬೆಂಕಿ ಬಿದ್ದರೆ ಬೇಗ ಹೊರಬರಬೇಕೆಂಬುದು ಕಾರಣ. ಗೆಳೆಯನ ಸಾವು ಕಂಡವನಿಗೆ ಆ ಭಯ ಸುಳ್ಳೇನಲ್ಲ. ಆದರೆ ಆ ದಿನ ಬೆಂಕಿ ಬೀಳಲಿಲ್ಲ. ದೇಹ ಮುಂದಕ್ಕೆ ಕೆಳಗೆ ಜಾರಿತು, ಪಟ್ಟಿಯ ಬಕಲ್ ಕುತ್ತಿಗೆಗೆ ತಗುಲಿತು. ಆಸ್ಪತ್ರೆಗೆ ಒಯ್ಯುವಾಗಲೇ ಪ್ರಾಣ ಹೋಯಿತು.

ಇನ್ನೂ ರೇಸುಗಳು ಬಾಕಿಯಿದ್ದವು. ಅಂಕಪಟ್ಟಿಯಲ್ಲಿ ಅವನನ್ನು ಮೀರಿಸುವ ಅವಕಾಶ ಉಳಿದದ್ದು ಫೆರಾರಿಯ ಜ್ಯಾಕಿ ಇಕ್ಸ್‌ಗೆ. ಕೆನಡಾ ಗೆದ್ದ ಇಕ್ಸ್‌ಗೆ ಕೊನೆಯ ಎರಡನ್ನೂ ಗೆಲ್ಲಬೇಕಿತ್ತು. ಅಮೆರಿಕದಲ್ಲಿ ಅಕ್ಟೋಬರ್ 4ರಂದು ಇಕ್ಸ್ ನಾಲ್ಕನೆಯವನಾದ. ಗೆದ್ದವನು ಲೋಟಸ್ ತಂಡದ ಇಪ್ಪತ್ಮೂರರ ಹುಡುಗ, ಬ್ರೆಜಿಲ್‌ನ ಎಮರ್ಸನ್ ಫಿಟ್ಟಿಪಾಲ್ಡಿ. ಹೀಗೆ ರಿಂಟ್ ಸತ್ತ ಮೇಲೆ ವಿಶ್ವ ಚಾಂಪಿಯನ್ ಆದ. ಫಾರ್ಮುಲಾ 1 ಚರಿತ್ರೆಯಲ್ಲಿ ಇಂದಿಗೂ ಅಂಥವನು ಅವನೊಬ್ಬನೇ. ಟ್ರೋಫಿಯನ್ನು ಪತ್ನಿ ನೀನಾಗೆ ಕೊಟ್ಟವನು ಗೆಳೆಯ ಜ್ಯಾಕಿ ಸ್ಟೀವರ್ಟ್. ಮಗಳು ನತಾಶಾಗೆ ಆಗ ಇನ್ನೂ ಎರಡು ವರ್ಷ. 1971 ಮತ್ತು 1973ರಲ್ಲಿ ಚಾಂಪಿಯನ್ ಆದ ಸ್ಟೀವರ್ಟ್, ತಡೆಬೇಲಿ, ವೈದ್ಯರು, ಸೀಟ್ ಬೆಲ್ಟ್ ಇವುಗಳಿಗಾಗಿ ಬೈಗುಳ ತಿಂದೂ ಹೋರಾಡಿದ. ಇಂದು ಚಾಲಕರು ಭೀಕರ ಅಪಘಾತದಿಂದಲೂ ಎದ್ದು ನಡೆದು ಬರುತ್ತಿದ್ದರೆ ಅದರ ಹಿಂದೆ ಆ ಹೋರಾಟವಿದೆ.

ಈಗ ಕಮಲಾಪುರದ ಮಾತು. ಕಲಬುರಗಿಯಲ್ಲಿ ಬಿ.ಇ. ಓದುತ್ತಿದ್ದಾಗ ನಮ್ಮ ಶಾಲೆಯ ನನ್ನ ಸಹಪಾಠಿಯೊಬ್ಬ ಬೈಕಿನಲ್ಲಿ ಊರಿಗೆ ಹೊರಟ. ಮೇ ತಿಂಗಳ ಬಿಸಿಲು. ಹೆಲ್ಮೆಟ್ ತಲೆಯ ಮೇಲಿತ್ತು, ಬೆವರಿಗೆ ಕಡಿತವೆಂದು ಗದ್ದದ ಪಟ್ಟಿ ಹಾಕಿರಲಿಲ್ಲ. ನಾನು ನೋಡಿದೆ, ಏನೂ ಅನ್ನಲಿಲ್ಲ. ದಾರಿಯಲ್ಲಿ ಅವನು ಬಿದ್ದಾಗ ಹೆಲ್ಮೆಟ್ ಅವನಿಗಿಂತ ದೂರ ಹೋಗಿ ಬಿದ್ದಿತ್ತು. ಅವನು ಉಳಿಯಲಿಲ್ಲ. ಎಷ್ಟೋ ತಿಂಗಳ ನಂತರ ರಿಂಟ್ ಕಥೆ ಓದಿದಾಗ, ಕಟ್ಟದೆ ಬಿಟ್ಟ ಆ ಒಂದು ಪಟ್ಟಿಯ ಸಾಲಿಗೆ ಬಂದು ಮುಂದೆ ಓದಲಾಗಲಿಲ್ಲ.

ಪಟ್ಟಿ ಕಟ್ಟಿದ್ದರೆ ಉಳಿಯುತ್ತಿದ್ದನೇ, ನಾನು ಹೇಳಿದ್ದರೆ ಕೇಳುತ್ತಿದ್ದನೇ ಎಂದು ಈಗ ಲೆಕ್ಕ ಹಾಕಿ ಫಲವಿಲ್ಲ. ಆದರೆ ಇಂದು ಗೆಳೆಯರ ಗಾಡಿ ಹೊರಡುವಾಗ ಪಟ್ಟಿ ಹಾಕು ಎನ್ನದೆ ನಾನು ಬಿಡುವುದಿಲ್ಲ. ನಕ್ಕರೂ ಸರಿ. ಈ ಸಂಚಿಕೆ ಓದುವ ಕಿರಿಯ ವಿದ್ಯಾರ್ಥಿಗಳೂ, ಹೆದ್ದಾರಿಯಲ್ಲಿ ದಿನವೂ ಓಡಾಡುವ ಊರಿನ ಹಿರಿಯರೂ ಹಾಗೆಯೇ ಮಾಡಬೇಕೆಂದು ನನ್ನ ವಿನಂತಿ.