ಸರ್ ಜೋಸೆಫ್ ಪ್ಯಾಕ್ಸ್‌ಟನ್ (1803–1865)

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದಲ್ಲಿರುವ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆ ನೆರವೇರಿತು. ಈ ಕಟ್ಟಡಕ್ಕೆ ಪ್ರೇರಣೆಯಾದುದು ಲಂಡನ್ ನಗರದ ಕ್ರಿಸ್ಟಲ್ ಪ್ಯಾಲೇಸ್. ಅದರ ವಿನ್ಯಾಸಕಾರರಾದ ಸರ್ ಜೋಸೆಫ್ ಪ್ಯಾಕ್ಸ್‌ಟನ್ ಅವರು ವೃತ್ತಿಯಿಂದ ತೋಟಗಾರರಾಗಿದ್ದರು. ಕಟ್ಟಡದ ವೆಚ್ಚವು ಬಹುಮಟ್ಟಿಗೆ ಪ್ರಾಥಮಿಕ ವಿನ್ಯಾಸದ ಹಂತದಲ್ಲಿಯೇ ನಿರ್ಧಾರವಾಗುತ್ತದೆ ಎಂಬುದಕ್ಕೆ ಅವರ ಜೀವನವು ಉತ್ತಮ ನಿದರ್ಶನವಾಗಿದೆ.

ಜನನ ಮತ್ತು ವೃತ್ತಿ

ಪ್ಯಾಕ್ಸ್‌ಟನ್ ಅವರು 1803ರ ಆಗಸ್ಟ್ 3ರಂದು ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್ ಪ್ರಾಂತ್ಯದ ಮಿಲ್ಟನ್ ಬ್ರಯನ್ ಗ್ರಾಮದಲ್ಲಿ ಬೇಸಾಯಗಾರರ ಕುಟುಂಬವೊಂದರಲ್ಲಿ ಜನಿಸಿದರು. 1826ರಲ್ಲಿ, 23 ವರ್ಷ ತುಂಬುವ ಮುನ್ನವೇ, ಡೆವನ್‌ಷೈರ್‌ನ ಆರನೆಯ ಡ್ಯೂಕ್ ಅವರ ಚಾಟ್ಸ್‌ವರ್ತ್ ಎಸ್ಟೇಟಿನ ಮುಖ್ಯ ತೋಟಗಾರರಾಗಿ ನೇಮಕಗೊಂಡರು. ಅಲ್ಲಿ ಸಸ್ಯಗಳಿಗಾಗಿ ಹಲವು ಗಾಜಿನ ಮನೆಗಳನ್ನು ನಿರ್ಮಿಸಿದ ಅವರು, ಒಂದೇ ಅಳತೆಯ ಸಣ್ಣ ಬಿಡಿಭಾಗಗಳನ್ನು ಜೋಡಿಸಿ ವಿಶಾಲವಾದ ಛಾವಣಿಯನ್ನು ನಿಲ್ಲಿಸುವ ವಿಧಾನವನ್ನು ರೂಢಿಸಿಕೊಂಡರು.

ಕ್ರಿಸ್ಟಲ್ ಪ್ಯಾಲೇಸ್

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನವನ್ನು ಏರ್ಪಡಿಸಲು ತೀರ್ಮಾನಿಸಲಾಗಿತ್ತು. ಕಟ್ಟಡಕ್ಕಾಗಿ ಬಂದ 245 ವಿನ್ಯಾಸಗಳಲ್ಲಿ ಯಾವುದನ್ನೂ ಕಟ್ಟಡ ಸಮಿತಿಯು ಅಂಗೀಕರಿಸಲಿಲ್ಲ. ಸಮಿತಿಯು ತಾನೇ ಸಿದ್ಧಪಡಿಸಿದ ಯೋಜನೆಯಲ್ಲಿ ಬೃಹತ್ ಗುಮ್ಮಟವಿದ್ದು, ಅದಕ್ಕೆ ಒಂದು ಕೋಟಿಗೂ ಹೆಚ್ಚು ಇಟ್ಟಿಗೆಗಳು ಬೇಕಾಗುತ್ತಿದ್ದವು. ಪ್ರದರ್ಶನಕ್ಕೆ ಒಂದು ವರ್ಷವೂ ಉಳಿದಿರಲಿಲ್ಲ. ಉದ್ಯಾನದಲ್ಲಿ ಶಾಶ್ವತ ಕಟ್ಟಡ ನಿರ್ಮಿಸುವುದಕ್ಕೆ ಸಾರ್ವಜನಿಕರ ವಿರೋಧವೂ ಇತ್ತು.

1850ರ ಜೂನ್ 11ರಂದು ಡರ್ಬಿಯಲ್ಲಿ ನಡೆದ ರೈಲ್ವೆ ಸಭೆಯೊಂದರಲ್ಲಿ ಪ್ಯಾಕ್ಸ್‌ಟನ್ ಅವರು ಶಾಯಿ ಹೀರುವ ಕಾಗದದ ಮೇಲೆ ತಮ್ಮ ಕಲ್ಪನೆಯ ಕರಡು ನಕ್ಷೆಯನ್ನು ಬರೆದರು. ಸುಮಾರು ಹತ್ತು ದಿನಗಳಲ್ಲಿ ಪೂರ್ಣ ನಕ್ಷೆಗಳು ಸಿದ್ಧವಾದವು. 1,848 ಅಡಿ ಉದ್ದದ ಈ ಕಟ್ಟಡದ ಎಲ್ಲ ಅಳತೆಗಳೂ 24 ಅಡಿಯ ಅಂಕಣವನ್ನು ಆಧರಿಸಿದ್ದವು. ಛಾವಣಿಯ ಗಾಜಿನ ಉದ್ದ 49 ಅಂಗುಲ, ಅಗಲ 10 ಅಂಗುಲ ಎಂದು ಮೊದಲೇ ನಿಗದಿಯಾಗಿತ್ತು. ಆದುದರಿಂದ ಒಂದು ಅಂಕಣಕ್ಕೆ ಬೇಕಾದ ಕಬ್ಬಿಣ, ಮರ ಮತ್ತು ಗಾಜಿನ ಪರಿಮಾಣವನ್ನು ಲೆಕ್ಕಹಾಕಿದರೆ ಇಡೀ ಕಟ್ಟಡದ ಅಂದಾಜು ಪಟ್ಟಿಯನ್ನು ತಯಾರಿಸುವುದು ಸುಲಭವಾಗುತ್ತಿತ್ತು. ಫಾಕ್ಸ್, ಹೆಂಡರ್‌ಸನ್ ಸಂಸ್ಥೆಯು ಕಟ್ಟಡಕ್ಕೆ 1,50,000 ಪೌಂಡ್‌ಗಳ ದರ ನೀಡಿತು. ಪ್ರದರ್ಶನದ ನಂತರ ಸಾಮಗ್ರಿಗಳನ್ನು ತನಗೇ ಬಿಟ್ಟುಕೊಟ್ಟಲ್ಲಿ 79,800 ಪೌಂಡ್‌ಗಳಿಗೆ ನಿರ್ಮಿಸಲು ಒಪ್ಪಿತು. ಬಿಚ್ಚಿ ಮರುಬಳಕೆ ಮಾಡಬಹುದಾದ ವಿನ್ಯಾಸದಿಂದಲೇ ಈ ಉಳಿತಾಯ ಸಾಧ್ಯವಾಯಿತು.

ಉದ್ಯಾನದ ಎಲ್ಮ್ ಮರಗಳನ್ನು ಉಳಿಸಲು ಕಮಾನು ಛಾವಣಿಯ ಅಡ್ಡ ಅಂಗಳವನ್ನು ಸೇರಿಸಲಾಯಿತು. ಇಂತಹ ಸೇರ್ಪಡೆಗಳಿಂದ ವೆಚ್ಚವು ಟೆಂಡರ್ ಮೊತ್ತವನ್ನು ಮೀರಿತಾದರೂ ಕಟ್ಟಡವು ಸಕಾಲಕ್ಕೆ ಸಿದ್ಧವಾಗಿ, 1851ರ ಮೇ 1ರಂದು ಪ್ರದರ್ಶನ ಉದ್ಘಾಟನೆಗೊಂಡಿತು. ಸುಮಾರು 60 ಲಕ್ಷ ಜನರು ಭೇಟಿ ನೀಡಿದರು. ಎಲ್ಲ ವೆಚ್ಚ ಕಳೆದು ಸುಮಾರು 1,86,000 ಪೌಂಡ್ ಉಳಿಯಿತು. ಅದೇ ವರ್ಷ ಪ್ಯಾಕ್ಸ್‌ಟನ್ ಅವರಿಗೆ ಸರ್ ಪದವಿ ದೊರೆಯಿತು.

ಸಿಡನ್‌ಹ್ಯಾಮ್‌ನ ಅನುಭವ

ಪ್ರದರ್ಶನದ ನಂತರ ಕಟ್ಟಡವನ್ನು ಬಿಚ್ಚಿ, 1852ರಿಂದ 1854ರ ಅವಧಿಯಲ್ಲಿ ಖಾಸಗಿ ಕಂಪನಿಯೊಂದರ ವತಿಯಿಂದ ಲಂಡನ್ನಿನ ದಕ್ಷಿಣಕ್ಕಿರುವ ಸಿಡನ್‌ಹ್ಯಾಮ್‌ನಲ್ಲಿ ಪುನಃ ನಿರ್ಮಿಸಲಾಯಿತು. ಇದರ ಹೊಣೆಯೂ ಪ್ಯಾಕ್ಸ್‌ಟನ್ ಅವರದೇ ಆಗಿತ್ತು. ಆದರೆ ಈ ಬಾರಿ ವಿನ್ಯಾಸಕ್ಕೆ ಮಿತಿ ಇರಲಿಲ್ಲ. ಕಟ್ಟಡವನ್ನು ಹಿಗ್ಗಿಸಿ ಎತ್ತರಿಸಲಾಯಿತು. ಭವ್ಯವಾದ ಕಾರಂಜಿಗಳನ್ನು ಯೋಜಿಸಲಾಯಿತು. ಅವುಗಳಿಗಾಗಿ ಮೊದಲು ಕಟ್ಟಿದ ನೀರಿನ ಗೋಪುರಗಳು ಸಾಕಷ್ಟು ಬಲವಾಗಿರದ ಕಾರಣ, ಇಂಜಿನಿಯರ್ ಬ್ರುನೆಲ್ ಅವರ ವಿನ್ಯಾಸದಂತೆ ಹೊಸ ಗೋಪುರಗಳನ್ನು ಕಟ್ಟಬೇಕಾಯಿತು. 5 ಲಕ್ಷ ಪೌಂಡ್ ಬಂಡವಾಳದಿಂದ ಆರಂಭವಾದ ಕಾರ್ಯದ ವೆಚ್ಚ ಸುಮಾರು 13 ಲಕ್ಷ ಪೌಂಡ್‌ಗೆ ಏರಿತು. ಕಂಪನಿಯು ಸಾಲದ ಹೊರೆಯಿಂದ ಚೇತರಿಸಿಕೊಳ್ಳಲಿಲ್ಲ. ಅದೇ ವಿನ್ಯಾಸಕಾರರು, ಅದೇ ಸಾಮಗ್ರಿ ಇದ್ದಾಗ್ಯೂ, ಕಾಮಗಾರಿ ಆರಂಭವಾದ ಮೇಲೆ ವಿನ್ಯಾಸವು ಬೆಳೆಯುತ್ತಾ ಹೋದುದರಿಂದ ಮೊದಲಿನ ಅಂದಾಜಿಗೆ ಅರ್ಥವೇ ಉಳಿಯಲಿಲ್ಲ.

ಅಂತಿಮ ದಿನಗಳು

1854ರಿಂದ ಜೀವಿತಾವಧಿಯ ಕೊನೆಯವರೆಗೆ ಪ್ಯಾಕ್ಸ್‌ಟನ್ ಅವರು ಕೊವೆಂಟ್ರಿ ಕ್ಷೇತ್ರದಿಂದ ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿದ್ದರು. 1865ರ ಜೂನ್ 8ರಂದು ಸಿಡನ್‌ಹ್ಯಾಮ್‌ನಲ್ಲಿ ನಿಧನ ಹೊಂದಿದರು. ಅವರ ಕ್ರಿಸ್ಟಲ್ ಪ್ಯಾಲೇಸ್ 1936ರ ನವೆಂಬರ್ 30ರಂದು ಬೆಂಕಿಗೆ ಆಹುತಿಯಾಯಿತು. ಅಂಕಣದ ಅಳತೆಯನ್ನು ಮೊದಲು ನಿಗದಿಪಡಿಸಿ, ಅನಂತರ ಪರಿಮಾಣ ಮತ್ತು ವೆಚ್ಚವನ್ನು ಲೆಕ್ಕಹಾಕಿದ ಅವರ ಕ್ರಮವು ಕಟ್ಟಡ ಕಾಮಗಾರಿಗಳ ಅಂದಾಜು ತಯಾರಿಸುವವರಿಗೆ ಇಂದಿಗೂ ಉಪಯುಕ್ತವಾಗಿದೆ.